ಚಿಕ್ಕ ಮೆನು, ಒಳ್ಳೆಯ ಸಾಸೇಜ್

ಒಂದು ರೆಸ್ಟೋರೆಂಟ್ ಇದೆ ಅಂದುಕೊಳ್ಳಿ. ಮೆನುವಿನಲ್ಲಿ 30 ಐಟಂ. ಅದರಲ್ಲಿ ಸಾಸೇಜ್ ಒಂದು. ದಿನಕ್ಕೆ 60 ಪ್ಲೇಟ್ ಊಟ ಹೋಗುತ್ತದೆ. ಎಲ್ಲ ಐಟಂಗೂ ಸಮನಾಗಿ ಆರ್ಡರ್ ಬಂದರೆ ಸಾಸೇಜಿನ ಪಾಲಿಗೆ ಬರುವುದು 2 ಪ್ಲೇಟ್. ಬೆಳಿಗ್ಗೆ ಅಡುಗೆಯವರು 5 ಕೆ.ಜಿ. ಮಾಂಸದಲ್ಲಿ ಸಾಸೇಜ್ ಮಾಡಿದ್ದಾರೆ. ಒಂದಕ್ಕೆ 125 ಗ್ರಾಂ ಅಂತ ಹಿಡಿದರೆ 40 ಸಾಸೇಜ್. ಪ್ಲೇಟಿಗೆ ಎರಡರಂತೆ 20 ಪ್ಲೇಟ್. ಅಷ್ಟೂ ಖಾಲಿಯಾಗಲು 10 ದಿನ ಬೇಕು. ಆದರೆ ಹಸಿ ಸಾಸೇಜ್ ಫ್ರಿಜ್‌ನಲ್ಲಿ ಚೆನ್ನಾಗಿ ಉಳಿಯುವುದು ಒಂದೆರಡು ದಿನ ಅಷ್ಟೇ.

ಈಗ ಅವರು ಏನು ಮಾಡಬೇಕು? ಫ್ರೀಜರ್‌ಗೆ ಹಾಕಬಹುದು. ಆದರೆ ಹೆಪ್ಪುಗಟ್ಟುವಾಗ ಮಾಂಸದೊಳಗಿನ ನೀರು ಮಂಜಿನ ಹರಳಾಗಿ ಜೀವಕೋಶಗಳನ್ನು ಸೀಳುತ್ತದೆ. ಕರಗಿಸಿದಾಗ ಆ ರಸವೆಲ್ಲ ತಟ್ಟೆಗೆ ಸುರಿದು ಹೋಗುತ್ತದೆ. ಉಪ್ಪು ಬೆರೆಸಿದ ಕೊಬ್ಬು ಫ್ರೀಜರ್‌ನಲ್ಲೂ ಬೇಗ ಕಮಟು ಹಿಡಿಯುತ್ತದೆ. ದಿನಾ ಸ್ವಲ್ಪ ಸ್ವಲ್ಪವೇ ಮಾಡೋಣ ಅಂದರೆ, ಕೀಮಾ ಯಂತ್ರ ಜೋಡಿಸುವುದು, ತಣ್ಣಗೆ ಮಾಡುವುದು, ಕೆಲಸ ಮುಗಿದ ಮೇಲೆ ಬಿಚ್ಚಿ ತೊಳೆಯುವುದು, ಇದೆಲ್ಲ 4 ಸಾಸೇಜಿಗೂ ಅಷ್ಟೇ, 40 ಸಾಸೇಜಿಗೂ ಅಷ್ಟೇ. ಹಾಗಾಗಿ ಸುಮಾರು ಕಡೆ ಕೊನೆಗೆ ಪ್ಯಾಕೆಟ್ ಸಾಸೇಜೇ ಬಂದು ಕೂರುತ್ತದೆ. ಅಡುಗೆಯವರಿಗೆ ಆಸೆ ಇಲ್ಲ ಅಂತಲ್ಲ, ಲೆಕ್ಕ ಕೂಡಿಬರುವುದಿಲ್ಲ.

ಅದೇ ಮೆನುವಿನಲ್ಲಿ 6 ಐಟಂ ಇದ್ದಿದ್ದರೆ? ಅದೇ 60 ಪ್ಲೇಟಿನಲ್ಲಿ ಸಾಸೇಜಿಗೆ 10 ಬರುತ್ತಿತ್ತು. 5 ಕೆ.ಜಿ. ಎರಡು ದಿನದಲ್ಲಿ ಖಾಲಿ. ಮೂರನೇ ದಿನ ಮತ್ತೆ ಹೊಸದು.

ಒಳ್ಳೆಯ ಸಾಸೇಜ್ ಶುರುವಾಗುವುದು ಮೆನು ಬರೆಯುವ ಹಾಳೆಯ ಮೇಲೆ ಅಂತ ನಾನು ನಂಬುವುದು ಇದಕ್ಕೇ. ಮಸಾಲೆಯ ಗುಟ್ಟು, ಅಜ್ಜಿ ಕಾಲದ ರೆಸಿಪಿ ಎಲ್ಲ ಆಮೇಲಿನ ಮಾತು. ಮಾಂಸವನ್ನು ರುಬ್ಬಿ ಕೊಳವೆಗೆ ತುಂಬಿದರೆ ಆಯಿತಲ್ಲ, ಅದಕ್ಕೆ ಇಷ್ಟೊಂದು ಯಾಕೆ ಅಂತ ಅನಿಸಬಹುದು. ಒಳಗೆ ಏನು ನಡೆಯುತ್ತದೆ ಅಂತ ನೋಡೋಣ.

ಉಪ್ಪು ಮಾಡುವ ಕೆಲಸ

ಉಪ್ಪಿಗಿಂತ ರುಚಿ ಇಲ್ಲ ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಸಾಸೇಜಿನಲ್ಲಿ ಉಪ್ಪಿಗೆ ಇನ್ನೊಂದು ಕೆಲಸವೂ ಇದೆ. ಇಲ್ಲಿ ಉಪ್ಪೇ ಅಂಟು.

ಮಾಂಸಖಂಡದಲ್ಲಿ ಮಯೋಸಿನ್ ಅಂತ ಒಂದು ಪ್ರೋಟೀನ್ ಇದೆ. ಬರೀ ನೀರಿಗೆ ಅದು ಕರಗುವುದಿಲ್ಲ. ಉಪ್ಪುನೀರಿಗೆ ಕರಗುತ್ತದೆ. ಕೀಮಾಗೆ ಉಪ್ಪು ಹಾಕಿ ಚೆನ್ನಾಗಿ ನಾದಿದಾಗ ಈ ಪ್ರೋಟೀನ್ ಹೊರಗೆ ಬಂದು ಪ್ರತಿ ಚೂರಿನ ಸುತ್ತ ಅಂಟಂಟಾಗಿ ಲೇಪವಾಗುತ್ತದೆ. ಬೇಯಿಸಿದಾಗ ಆ ಲೇಪ ಗಟ್ಟಿಯಾಗಿ ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ. ಆ ಬಲೆಯೊಳಗೆ ನೀರೂ ನಿಲ್ಲುತ್ತದೆ, ಕೊಬ್ಬೂ ನಿಲ್ಲುತ್ತದೆ. ಕಚ್ಚಿದಾಗ ರಸ ಬಾಯಿಗೆ ಬರುವುದು ಈ ಬಲೆಯಿಂದ. ಬಲೆ ಸರಿಯಾಗಿ ಕಟ್ಟಿಲ್ಲ ಅಂದರೆ ರಸ ಬಾಣಲೆಗೆ ಹೋಗುತ್ತದೆ, ನಮಗೆ ಪುಡಿಪುಡಿ ಮಾಂಸ ಉಳಿಯುತ್ತದೆ.

ಬರ್ಗರ್ ಪ್ಯಾಟಿಗೂ ಸಾಸೇಜಿಗೂ ಇರುವ ವ್ಯತ್ಯಾಸ ಇದೇ. ಬರ್ಗರ್ ಬಾಯಲ್ಲಿ ಸಡಿಲವಾಗಿ ಬಿಡಿಸಿಕೊಳ್ಳಬೇಕು. ಅದಕ್ಕೇ ಉಪ್ಪನ್ನು ಮೇಲೆ ಮಾತ್ರ, ಅದೂ ಬೇಯಿಸುವ ಹೊತ್ತಿಗೆ ಹಾಕುತ್ತಾರೆ. ಸಾಸೇಜ್ ಒಗ್ಗಟ್ಟಾಗಿ ನಿಲ್ಲಬೇಕು. ಅದಕ್ಕೆ ಉಪ್ಪು ಒಳಗೇ ಸೇರಬೇಕು.

ಎಷ್ಟು ಉಪ್ಪು? ಮಾಂಸ ಮತ್ತು ಕೊಬ್ಬಿನ ಒಟ್ಟು ತೂಕದ ಶೇ. 1.5ರಿಂದ 2. ಒಂದು ಕೆ.ಜಿ.ಗೆ 15ರಿಂದ 20 ಗ್ರಾಂ. ನನಗೆ 18 ಸರಿ ಅನಿಸುತ್ತದೆ. ಚಮಚದಲ್ಲಿ ಅಳೆಯಬೇಡಿ, ತೂಗಿ. ಪುಡಿ ಉಪ್ಪಿನ ಒಂದು ಚಮಚಕ್ಕೂ ಹಗುರ ಹರಳುಪ್ಪಿನ ಒಂದು ಚಮಚಕ್ಕೂ ತೂಕದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು ವ್ಯತ್ಯಾಸ ಇರಬಹುದು. ಇವತ್ತು ಸಪ್ಪೆ, ನಾಳೆ ಉಪ್ಪುಪ್ಪು ಆಗುವುದು ಇಲ್ಲೇ. ಅಂದ ಹಾಗೆ, ಸಾಸೇಜ್ ಅನ್ನೋ ಪದದ ಬೇರೂ ಉಪ್ಪೇ. ಲ್ಯಾಟಿನ್‌ನಲ್ಲಿ ಸಾಲ್ಸಸ್ ಅಂದರೆ ಉಪ್ಪು ಹಾಕಿದ್ದು.

ಕೊಬ್ಬು, ಮತ್ತು ತಣ್ಣಗಿರುವುದು

ಹಸಿ ಸಾಸೇಜಿಗೆ ಕೊಬ್ಬು ಶೇ. 25ರಿಂದ 30 ಬೇಕು. ಕೇಳಿದರೆ ಜಾಸ್ತಿ ಅನಿಸುತ್ತದೆ. ಆದರೆ 20ಕ್ಕಿಂತ ಕೆಳಗೆ ಹೋದರೆ ಒಣಒಣ ಆಗುವುದು ಹೆಚ್ಚು. ಹಂದಿಯ ಭುಜದ ಭಾಗಕ್ಕೆ ಸಾಸೇಜ್ ಮಾಡುವವರಲ್ಲಿ ಇಷ್ಟು ಬೆಲೆ ಇರುವುದು ಇದಕ್ಕೇ. ಅದರಲ್ಲಿ ಮಾಂಸ ಮತ್ತು ಕೊಬ್ಬು ಹೆಚ್ಚುಕಡಿಮೆ ಈ ಪ್ರಮಾಣದಲ್ಲೇ ಸಿಗುತ್ತವೆ, ಮಾಂಸಕ್ಕೆ ರುಚಿಯೂ ಇದೆ. ಕೊಬ್ಬು ಸಾಲದಿದ್ದರೆ ಬೆನ್ನಿನ ಕೊಬ್ಬು ಸೇರಿಸುತ್ತಾರೆ. ಅದು ಗಟ್ಟಿ. ಕತ್ತರಿಸಿದರೆ ಚೂರು ಚೂರಾಗಿಯೇ ನಿಲ್ಲುತ್ತದೆ. ಮೆತ್ತನೆಯ ಕೊಬ್ಬು ಯಂತ್ರದಲ್ಲೇ ಕರಗಿಬಿಡುತ್ತದೆ.

ಈ ಕರಗುವುದೇ ಸಾಸೇಜಿನ ದೊಡ್ಡ ಶತ್ರು. ಕೊಬ್ಬು ಕರಗಿ ಮಾಂಸದ ಚೂರುಗಳ ಮೇಲೆ ಸವರಿಕೊಂಡರೆ ಮಯೋಸಿನ್ ಒಂದಕ್ಕೊಂದು ಹಿಡಿದುಕೊಳ್ಳಲಾರದು. ಎಣ್ಣೆ ಕೈಯಲ್ಲಿ ಟೇಪ್ ಅಂಟಿಸಿದ ಹಾಗೆ. ನಾನು ಮನೆಯಲ್ಲಿ ಮೊದಲ ಸಲ ಸಾಸೇಜ್ ಮಾಡಿದಾಗ ಉಪ್ಪು, ಮಸಾಲೆ ಎಲ್ಲ ಸರಿಯಾಗಿಯೇ ಇತ್ತು. ಮಾಂಸ ಮಾತ್ರ ಕಟ್ಟೆಯ ಮೇಲೆ ಅರ್ಧ ಗಂಟೆ ಇತ್ತು. ಬೇಯಿಸಿ ಕತ್ತರಿಸಿದೆ. ತಟ್ಟೆಯ ಮೇಲೆ ಕೊಬ್ಬಿನ ಒಂದು ಸಣ್ಣ ಹೊಂಡ, ಅದರ ಪಕ್ಕದಲ್ಲಿ ಒದ್ದೆ ಮರಳಿನಂಥ ಮಾಂಸ. ಅವತ್ತಿನಿಂದ ನಾನು ಥರ್ಮಾಮೀಟರ್ ಇಲ್ಲದೆ ಮಾಂಸ ಮುಟ್ಟುವುದಿಲ್ಲ.

ಮಾಂಸ 4 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು. ತುಂಡು ಮಾಡಿ, ತಟ್ಟೆಯಲ್ಲಿ ಹರಡಿ, ಅರ್ಧ ಗಂಟೆ ಫ್ರೀಜರ್‌ನಲ್ಲಿ ಇಡುತ್ತಾರೆ. ಹೊರಗೆ ಬಿರುಸಾಗಬೇಕು, ಒಳಗೆ ಕಲ್ಲಾಗಬಾರದು. ಯಂತ್ರದ ಬ್ಲೇಡು, ತೂತಿನ ಬಿಲ್ಲೆ, ಬೆರೆಸುವ ಪಾತ್ರೆ, ಇವೂ ತಣ್ಣಗಿರಬೇಕು. ಲೋಹ ಬೆಚ್ಚಗಿದ್ದರೆ ಮಾಂಸ ತಣ್ಣಗಿದ್ದೂ ಪ್ರಯೋಜನ ಇಲ್ಲ.

ಯಂತ್ರದಿಂದ ಬರುವ ಕೀಮಾ ನೋಡಿದರೆ ಸಾಕು, ಮುಂದೆ ಏನಾಗುತ್ತದೆ ಅಂತ ಗೊತ್ತಾಗುತ್ತದೆ. ಸರಿಯಾಗಿದ್ದರೆ ಒಂದೊಂದು ತೂತಿನಿಂದ ಒಂದೊಂದು ಎಳೆ ಬಿಡಿಬಿಡಿಯಾಗಿ ಇಳಿಯುತ್ತದೆ. ಕೆಂಪು ಬೇರೆ, ಬಿಳಿ ಬೇರೆ, ಎರಡೂ ಸ್ಪಷ್ಟ. ತಪ್ಪಿದ್ದರೆ ಎಲ್ಲ ಸೇರಿ ತಿಳಿ ಗುಲಾಬಿ ಬಣ್ಣದ ಪೇಸ್ಟ್ ಆಗಿ ಹಿಸುಕಿಕೊಂಡು ಬರುತ್ತದೆ. ಆಗ ಕೂಡಲೇ ನಿಲ್ಲಿಸಬೇಕು. ಬ್ಲೇಡು ಮೊಂಡಾಗಿರಬಹುದು, ಅದಕ್ಕೆ ನರ ಸುತ್ತಿಕೊಂಡಿರಬಹುದು, ಇಲ್ಲವೇ ಮಾಂಸ ಬೆಚ್ಚಗಾಗಿರಬಹುದು. ಬಿಲ್ಲೆಯ ತೂತು ಸಾಮಾನ್ಯವಾಗಿ 3 ಮಿ.ಮೀ.ನಿಂದ 10 ಮಿ.ಮೀ. ತನಕ ಇರುತ್ತದೆ. ತರಿತರಿ ಬೇಕಾದರೆ ದೊಡ್ಡದು, ನುಣ್ಣಗೆ ಬೇಕಾದರೆ ಸಣ್ಣದು.

ಆಮೇಲೆ ನಾದುವುದು. ಉಪ್ಪು, ಮಸಾಲೆ, ಸ್ವಲ್ಪ ಐಸ್ ನೀರು ಸೇರಿಸಿ ಒಂದೆರಡು ನಿಮಿಷ ಗಟ್ಟಿಯಾಗಿ ಬೆರೆಸಬೇಕು. ಮೊದಲು ಕೀಮಾ ಬಿಡಿಬಿಡಿ ಇರುತ್ತದೆ. ನೋಡನೋಡುತ್ತಿದ್ದ ಹಾಗೆ ಮುದ್ದೆಯಾಗುತ್ತದೆ, ಪಾತ್ರೆಯ ಬದಿಗೆ ಅಂಟಿಕೊಳ್ಳುತ್ತದೆ. ಎರಡು ಕಡೆ ಎಳೆದರೆ ಮಧ್ಯೆ ಸಣ್ಣ ನೂಲಿನಂಥ ಎಳೆಗಳು ಕಾಣುತ್ತವೆ. ಒಂದು ಉಂಡೆ ಅಂಗೈಯಲ್ಲಿ ತಟ್ಟಿ ಕೈ ಮಗುಚಿ ಹಿಡಿಯಿರಿ. ಬೀಳದೆ ಅಂಟಿಕೊಂಡಿದ್ದರೆ ಹದ ಬಂದಿದೆ. ಈ ಕೆಲಸ ಮಾಡುವಾಗ ಬೆರಳು ಮರಗಟ್ಟಬೇಕು. ಕೈಗೆ ಹಾಯಾಗಿದೆ ಅನಿಸಿದರೆ ಮಾಂಸ ಬೆಚ್ಚಗಾಗಿದೆ ಅಂತಲೇ ಲೆಕ್ಕ.

ಈ ಹದ ಪುಸ್ತಕ ಓದಿ ಬರುವುದಲ್ಲ. ಮಾಂಸ ಪ್ರತಿ ಸಲ ಒಂದೇ ಥರ ಇರುವುದಿಲ್ಲ. ಒಂದು ಭುಜದಲ್ಲಿ ಕೊಬ್ಬು ಜಾಸ್ತಿ, ಇನ್ನೊಂದರಲ್ಲಿ ನರ ಜಾಸ್ತಿ. ಎರಡು ದಿನಕ್ಕೊಮ್ಮೆ ಮಾಡುವವರ ಕೈ ಪಳಗುತ್ತದೆ. ಹತ್ತು ದಿನಕ್ಕೊಮ್ಮೆ ಮಾಡುವವರು ಪ್ರತಿ ಸಲ ಹೊಸದಾಗಿ ಕಲಿಯಬೇಕು. ಮೆನು ಚಿಕ್ಕದಾದಾಗ ಸಿಗುವ ದೊಡ್ಡ ಲಾಭ ನನ್ನ ಪ್ರಕಾರ ಇದೇ. ಸಾಮಾನು ಹಾಳಾಗದೆ ಉಳಿಯುವ ದುಡ್ಡು ಎರಡನೆಯದು.

ತುಂಬುವ ಮೊದಲು ಒಂದು ಚೂರನ್ನು ಬಾಣಲೆಯಲ್ಲಿ ಬೇಯಿಸಿ ತಿಂದು ನೋಡಲೇಬೇಕು. ಉಪ್ಪು ಸಾಲದು, ಮೆಣಸು ಜಾಸ್ತಿ, ಏನಿದ್ದರೂ ಸರಿಮಾಡಲು ಇದೇ ಕೊನೆಯ ಅವಕಾಶ. ತುಂಬಿದ ಮೇಲೆ ಏನೂ ಮಾಡಲಾಗುವುದಿಲ್ಲ. ಮಸಾಲೆ ಎರಡು ಮೂರು ಥರ ಸಾಕು. ಇಟಲಿಯ ಶೈಲಿಯ ಸಾಸೇಜಿನಲ್ಲಿ ಸೋಂಪು ಮುಂದೆ ನಿಲ್ಲುತ್ತದೆ, ಜರ್ಮನಿಯ ನ್ಯೂರೆಂಬರ್ಗ್ ಸಾಸೇಜಿನಲ್ಲಿ ಮಾರ್ಜೋರಂ ಸೊಪ್ಪು. ಹತ್ತು ಮಸಾಲೆ ಸುರಿದರೆ ಮಾಂಸದ ರುಚಿಯೇ ಕಳೆದುಹೋಗುತ್ತದೆ.

ಹೊದಿಕೆ

ಹೊರಗಿನ ಹೊದಿಕೆ ಕುರಿಯ ಅಥವಾ ಹಂದಿಯ ಕರುಳಿನ ಒಂದು ಪದರ. ಚೆನ್ನಾಗಿ ತೊಳೆದು, ಉಪ್ಪು ಹಾಕಿ ಮಾರುತ್ತಾರೆ. ಬಳಸುವ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒಳಗೂ ನೀರು ಹಾಯಿಸಬೇಕು. ಕುರಿಯದು 18ರಿಂದ 28 ಮಿ.ಮೀ. ಅಗಲ, ತೆಳು, ಕಚ್ಚಿದರೆ ಟಪ್ ಅಂತ ಒಡೆಯುತ್ತದೆ. ಹಂದಿಯದು ಇನ್ನೂ ಅಗಲ, ಸ್ವಲ್ಪ ದಪ್ಪ. ಚರ್ಮದಿಂದ ತೆಗೆದ ಕೊಲಾಜೆನ್ ಅನ್ನೋ ಪ್ರೋಟೀನ್‌ನಲ್ಲಿ ಮಾಡಿದ್ದೂ ಸಿಗುತ್ತದೆ. 1920ರ ದಶಕದಲ್ಲಿ ಷಿಕಾಗೋದಲ್ಲಿ ಸೆಲ್ಯುಲೋಸ್, ಅಂದರೆ ಗಿಡದ ನಾರಿನ ಅಂಶದಿಂದ ಮಾಡಿದ ಹೊದಿಕೆ ಬಂತು. ಸಾಸೇಜ್ ಬೆಂದ ಮೇಲೆ ಅದನ್ನು ಸುಲಿದು ತೆಗೆಯುತ್ತಾರೆ. ಸಿಪ್ಪೆ ಇಲ್ಲದ ಹಾಟ್ ಡಾಗ್ ಸಿಗುವುದು ಹೀಗೆ.

ತುಂಬುವಾಗ ಆಸೆ ಮಾಡಬಾರದು. ಬಿಗಿಯಾಗಿ ತುಂಬಿದರೆ ತಿರುಚುವಾಗ ಒಡೆಯುತ್ತದೆ. ಒಂದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ತಿರುಚಿದರೆ ಬಿಚ್ಚಿಕೊಳ್ಳುವುದಿಲ್ಲ. ಗಾಳಿಗುಳ್ಳೆ ಕಂಡರೆ ಸೂಜಿಯಿಂದ ಚುಚ್ಚಿ ಬಿಡಬೇಕು. ಆಮೇಲೆ ಒಂದು ರಾತ್ರಿ ಫ್ರಿಜ್‌ನಲ್ಲಿ, ಮುಚ್ಚದೆ. ಅಷ್ಟು ಹೊತ್ತಿಗೆ ಉಪ್ಪು, ಮಸಾಲೆ ಒಳಗೆಲ್ಲ ಇಳಿದಿರುತ್ತವೆ. ಹೊದಿಕೆ ಒಣಗಿ ಮಾಂಸಕ್ಕೆ ಅಂಟಿಕೊಂಡಿರುತ್ತದೆ. ಬೆಳಿಗ್ಗೆ ಮುಟ್ಟಿದರೆ ಬೆರಳಿಗೆ ತೇವ ತಾಗಬಾರದು.

ಎಲ್ಲ ಥರದ ಸಾಸೇಜ್ ಒಂದೇ ಕಡೆ ಬೇಡ

ಸಾಸೇಜ್ ಮೇಲೇ ಗಮನ ಕೊಡುತ್ತೇವೆ ಅಂತ ಹೊರಟವರೂ ಒಂದು ಕಡೆ ಎಡವುತ್ತಾರೆ. ಮೆನುವಿನಲ್ಲಿ 15 ಥರದ ಸಾಸೇಜ್ ಬರೆಯುತ್ತಾರೆ. ಇದೂ ದೊಡ್ಡ ಮೆನುವೇ ಅಲ್ವಾ? ಹೆಸರು ಒಂದೇ ಆದರೂ ಸಾಸೇಜ್ ಅನ್ನೋದು ಒಂದೇ ಕಸುಬಲ್ಲ.

ಇಲ್ಲಿಯವರೆಗೆ ಹೇಳಿದ್ದು ಹಸಿ ಸಾಸೇಜ್. ಮಾಡಿ, ಬೇಯಿಸಿ, ತಿನ್ನುವುದು. ಜರ್ಮನಿಯ ಫ್ರಾಂಕ್‌ಫರ್ಟರ್, ಇಟಲಿಯ ಮೊರ್ಟಡೆಲಾದಂಥ ಸಾಸೇಜ್ ಬೇರೆ. ಅಲ್ಲಿ ಮಾಂಸ, ಕೊಬ್ಬು, ಐಸ್ ಮೂರನ್ನೂ ನುಣ್ಣಗೆ ರುಬ್ಬಿ ಹಿಟ್ಟಿನ ಹಾಗೆ ಮಾಡುತ್ತಾರೆ. ಬ್ಲೇಡಿನ ವೇಗಕ್ಕೆ ಬಿಸಿಯೇರುತ್ತದೆ, ಅದನ್ನು ತಡೆಯಲು ಐಸ್. ಬಿಸಿ 12 ಡಿಗ್ರಿ ದಾಟಿ ಮೇಲೆ ಹೋದಷ್ಟೂ ಕೊಬ್ಬು ಬೇರ್ಪಡುವ ಭಯ. ಸಲಾಮಿ ಇನ್ನೂ ಬೇರೆ ಲೋಕ. ಅಲ್ಲಿ ಬ್ಯಾಕ್ಟೀರಿಯಾ ಮಾಂಸವನ್ನು ಹುಳಿ ಬರಿಸುತ್ತವೆ, ಆಮೇಲೆ ವಾರಗಟ್ಟಲೆ ಒಣಗಿಸಬೇಕು. ಅದಕ್ಕೆ ತಾಪ, ತೇವ ಎರಡನ್ನೂ ಹಿಡಿತದಲ್ಲಿ ಇಡುವ ಪ್ರತ್ಯೇಕ ಕೋಣೆ ಬೇಕು.

ಹೊಗೆ ಹಾಕುವ ಮತ್ತು ಒಣಗಿಸುವ ಸಾಸೇಜಿನಲ್ಲಿ ಅಪಾಯವೂ ಇದೆ. ಆಹಾರದಲ್ಲಿ ಬ್ಯಾಕ್ಟೀರಿಯಾ ಬಿಡುವ ವಿಷದಿಂದ ಬರುವ ಬಾಟ್ಯುಲಿಸಂ ಅನ್ನೋ ಕಾಯಿಲೆಯ ಹೆಸರು ಬಂದದ್ದೇ ಬಾಟುಲಸ್ ಅನ್ನೋ ಲ್ಯಾಟಿನ್ ಪದದಿಂದ. ಅದರ ಅರ್ಥ ಸಾಸೇಜ್. 1820ರ ಆಸುಪಾಸಿನಲ್ಲಿ ಜರ್ಮನಿಯ ವುರ್ಟೆಂಬರ್ಗ್‌ನಲ್ಲಿ ಯುಸ್ಟಿನಸ್ ಕೆರ್ನರ್ ಅನ್ನೋ ವೈದ್ಯರು ಸಾಸೇಜ್ ತಿಂದು ಸತ್ತವರ ವಿವರ ಒಂದೊಂದಾಗಿ ಕೂಡಿಸಿ ಬರೆದರು. ಆ ವಿಷದ ಪ್ರಯೋಗವನ್ನು ತಮ್ಮ ಮೇಲೇ ಮಾಡಿಕೊಂಡರು. ವಿಷ ತಯಾರಿಸುವ ಬ್ಯಾಕ್ಟೀರಿಯಾ ಪತ್ತೆಯಾದದ್ದು ತುಂಬಾ ತಡವಾಗಿ. 1895ರಲ್ಲಿ ಬೆಲ್ಜಿಯಂನಲ್ಲಿ ಉಪ್ಪು ಹಾಕಿದ ಹಂದಿ ಮಾಂಸ ತಿಂದವರು ಕಾಯಿಲೆ ಬಿದ್ದರು. ಆಗ ಎಮಿಲ್ ವಾನ್ ಎರ್ಮೆಂಗೆಮ್ ಅನ್ನೋ ವಿಜ್ಞಾನಿ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ತೋರಿಸಿದರು. ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ಇದು. ಸಾಸೇಜಿನ ಒಳಗೆ ಗಾಳಿ ಇಲ್ಲ, ಹೊಗೆಯ ಬಿಸಿ ಗಂಟೆಗಟ್ಟಲೆ ಸಣ್ಣಗೆ ಇರುತ್ತದೆ. ಅದಕ್ಕೆ ಬೇಕಾದದ್ದು ಅದೇ.

ಅದನ್ನು ತಡೆಯಲು ಸೋಡಿಯಂ ನೈಟ್ರೈಟ್ ಬೆರೆಸಿದ ಉಪ್ಪು ಬಳಸುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವ ಅಂಥ ಉಪ್ಪಿನಲ್ಲಿ ನೈಟ್ರೈಟ್ ಶೇ. 6.25 ಇರುತ್ತದೆ, ಒಂದು ಕೆ.ಜಿ. ಮಾಂಸಕ್ಕೆ ಹಾಕುವುದು ಸುಮಾರು 2.5 ಗ್ರಾಂ ಮಾತ್ರ. ಜಾಸ್ತಿ ಆದರೆ ನೈಟ್ರೈಟೇ ವಿಷ. ಅಡುಗೆ ಉಪ್ಪಿನ ಜೊತೆ ಕಲಸಿಹೋಗಬಾರದು ಅಂತ ಅದಕ್ಕೆ ಗುಲಾಬಿ ಬಣ್ಣ ಹಾಕಿರುತ್ತಾರೆ. ಇಷ್ಟು ನಾಜೂಕಿನ ಕೆಲಸವನ್ನು ಇನ್ನೂ ಮೂವತ್ತು ಅಡುಗೆಗಳ ಗಡಿಬಿಡಿಯ ಮಧ್ಯೆ ಮಾಡಬಾರದು. ಒಂದು ಅಡುಗೆಮನೆ ಒಂದು ಕಸುಬನ್ನು ಆರಿಸಿಕೊಳ್ಳಲಿ. ಹಸಿ ಸಾಸೇಜ್ ಮೂರು ಥರ ಮಾಡಲಿ, ಬಹಳ ಆಯಿತು.

ಕಡಿಮೆ ಮಾಡಿ ಗೆದ್ದವರು

ಜರ್ಮನಿಯ ರೆಗೆನ್ಸ್‌ಬರ್ಗ್‌ನಲ್ಲಿ ಡ್ಯಾನ್ಯೂಬ್ ನದಿಯ ಮೇಲೆ 12ನೇ ಶತಮಾನದ ಕಲ್ಲಿನ ಸೇತುವೆ ಇದೆ. ಅದರ ಪಕ್ಕದಲ್ಲಿ ಬಹಳ ಹಳೆಯ ಒಂದು ಸಾಸೇಜ್ ಅಡುಗೆಮನೆ. ಅಲ್ಲಿನ ಮುಖ್ಯ ಊಟ ಇದ್ದಿಲ ಮೇಲೆ ಸುಟ್ಟ ಚಿಕ್ಕ ಸಾಸೇಜ್, ಹುಳಿ ಬರಿಸಿದ ಎಲೆಕೋಸು, ಸಾಸಿವೆ. ಎಷ್ಟು ಸಾಸೇಜ್ ಬೇಕು ಅನ್ನೋದೇ ಅಲ್ಲಿ ಗಿರಾಕಿಯ ಮುಂದಿರುವ ದೊಡ್ಡ ಪ್ರಶ್ನೆ. ನ್ಯೂರೆಂಬರ್ಗ್‌ನವರು ಇನ್ನೂ ಕಟ್ಟುನಿಟ್ಟು. ಅವರ ಸಾಸೇಜ್ 7ರಿಂದ 9 ಸೆಂ.ಮೀ. ಉದ್ದ, 20ರಿಂದ 25 ಗ್ರಾಂ ತೂಕ. 2003ರಲ್ಲಿ ಅದಕ್ಕೆ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಿತು. ಬೇರೆ ಊರಿನಲ್ಲಿ ಮಾಡಿ ಆ ಹೆಸರಿನಲ್ಲಿ ಮಾರುವಂತಿಲ್ಲ.

ಸಾಸೇಜ್ ಬಿಟ್ಟು ಬೇರೆ ಕಡೆ ನೋಡಿದರೂ ಇದೇ ಕಾಣುತ್ತದೆ. 1948ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಮೆಕ್‌ಡೊನಾಲ್ಡ್ ಸಹೋದರರು ಚೆನ್ನಾಗಿ ನಡೆಯುತ್ತಿದ್ದ ತಮ್ಮ ಬಾರ್ಬೆಕ್ಯೂ ಹೋಟೆಲನ್ನು ಕೆಲವು ತಿಂಗಳು ಮುಚ್ಚಿದರು. ಮಾರಾಟದಲ್ಲಿ ಹೆಚ್ಚಿನ ಪಾಲು ಹ್ಯಾಂಬರ್ಗರ್‌ನಿಂದಲೇ ಬರುತ್ತಿದೆ ಅಂತ ಅವರಿಗೆ ಗೊತ್ತಾಗಿತ್ತು. ಮತ್ತೆ ತೆರೆದಾಗ ಮೆನುವಿನಲ್ಲಿ ಇದ್ದದ್ದು 9 ಐಟಂ. ಅಡುಗೆಮನೆಯ ಪ್ರತಿ ಮೇಜನ್ನೂ ಆ ಕೆಲವೇ ಐಟಂಗೆ ತಕ್ಕ ಹಾಗೆ ಹೊಸದಾಗಿ ಜೋಡಿಸಿದ್ದರು. ಅವರ ಗುರಿ ವೇಗ. ಕಸುಬಿನ ಸಾಸೇಜಿಗೆ ಬೇಕಾದದ್ದು ನಿಧಾನ. ಆದರೂ ಇಬ್ಬರೂ ಮಾಡುವ ಲೆಕ್ಕ ಒಂದೇ.

ಗಿರಾಕಿಗೆ ಆಯ್ಕೆ ಕಡಿಮೆಯಾದರೆ ಬೇಸರ ಆಗುವುದಿಲ್ಲವೇ ಅಂತ ಹೋಟೆಲ್ ನಡೆಸುವವರು ಹೆದರುತ್ತಾರೆ. ಇದಕ್ಕೆ ಜಾಮ್ ಪ್ರಯೋಗದ ಉದಾಹರಣೆ ಕೊಡುವವರು ಬಹಳ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಅನ್ನೋ ಸಂಶೋಧಕರು 2000ದಲ್ಲಿ ಅದನ್ನು ಪ್ರಕಟಿಸಿದರು. ಅಂಗಡಿಯಲ್ಲಿ 24 ಥರದ ಜಾಮ್ ಇಟ್ಟಾಗ ನಿಂತು ನೋಡಿದವರಲ್ಲಿ ಶೇ. 3 ಮಂದಿ ಕೊಂಡರು. 6 ಥರ ಇಟ್ಟಾಗ ಶೇ. 30 ಮಂದಿ. ಆಮೇಲೆ ಬೇರೆಯವರು ಮಾಡಿದ ಇಂಥ ಪ್ರಯೋಗಗಳಲ್ಲಿ ಪ್ರತಿ ಸಲ ಹೀಗೇ ಆಗಲಿಲ್ಲ. ಹಾಗಾಗಿ ನಾನು ಅದರ ಮೇಲೆ ಪೂರ್ತಿ ಭಾರ ಹಾಕುವುದಿಲ್ಲ. ಗಿರಾಕಿ ಮತ್ತೆ ಬರುವುದು ತಟ್ಟೆಯಲ್ಲಿ ಇದ್ದದ್ದು ಚೆನ್ನಾಗಿತ್ತು ಅಂತ. ಮೆನುವಿನ ಉದ್ದ ಅವರಿಗೆ ನೆನಪಿರುವುದಿಲ್ಲ.

ಜೊತೆಗೆ ಕೊಡುವುದರಲ್ಲೂ ಇದೇ ಹಿಡಿತ ಇರಲಿ. ಸಾಸೇಜ್ ಜಿಡ್ಡಿನದು, ಉಪ್ಪಿನದು. ಪಕ್ಕದಲ್ಲಿ ಹುಳಿ ಬೇಕು, ಖಾರ ಬೇಕು, ಮೆತ್ತಗೆ ಏನಾದರೂ ಬೇಕು. ಹುಳಿ ಎಲೆಕೋಸು, ಸಾಸಿವೆ, ಆಲೂಗಡ್ಡೆ ಅಥವಾ ಬ್ರೆಡ್ಡು. ಮೂರು ಥರದ ಸಾಸೇಜಿಗೂ ಇವೇ ನಡೆಯುತ್ತವೆ.

ಬೆಂಕಿಯ ಮುಂದೆ

ಇಷ್ಟೆಲ್ಲ ಮಾಡಿದ್ದನ್ನು ಹತ್ತು ನಿಮಿಷದಲ್ಲಿ ಹಾಳುಮಾಡಬಹುದು. ಬೆಂಕಿ ಜೋರಾದರೆ ಒಳಗಿನ ನೀರು ಆವಿಯಾಗಿ ಹೊದಿಕೆ ಸೀಳುತ್ತದೆ. ಬಿರಿಯಬಾರದು ಅಂತ ಫೋರ್ಕ್‌ನಿಂದ ಚುಚ್ಚುವವರಿದ್ದಾರೆ. ದಯವಿಟ್ಟು ಚುಚ್ಚಬೇಡಿ. ಅಷ್ಟು ಕಷ್ಟಪಟ್ಟು ಹಿಡಿದಿಟ್ಟ ರಸಕ್ಕೆ ನಾವೇ ಬಾಗಿಲು ತೆಗೆದ ಹಾಗೆ.

ಇಡಿಯಾದ ಮಾಂಸದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಾಗಿ ಮೇಲ್ಮೈಯಲ್ಲೇ ಇರುತ್ತವೆ. ರುಬ್ಬಿದಾಗ ಅವು ಒಳಗೆಲ್ಲ ಸೇರುತ್ತವೆ. ಅದಕ್ಕೇ ಸಾಸೇಜಿನ ನಡುಭಾಗ 71 ಡಿಗ್ರಿ ಮುಟ್ಟಬೇಕು, ಕೋಳಿಯದಾದರೆ 74. ಅದನ್ನು ಮೀರಿ ತುಂಬಾ ಮೇಲೆ ಹೋದರೆ ಬಲೆ ಬಿಗಿದು ರಸ ಹಿಂಡಿಹೋಗುತ್ತದೆ. 80 ಡಿಗ್ರಿ ದಾಟದ, ಕುದಿಯದ ನೀರಿನಲ್ಲಿ ಮೊದಲು ನಿಧಾನಕ್ಕೆ ಬೇಯಿಸಿ, ಕೊನೆಗೆ ಬಾಣಲೆಯಲ್ಲೋ ಕೆಂಡದ ಮೇಲೋ ಕೆಂಪಗೆ ಮಾಡುವುದು ಸುರಕ್ಷಿತ ದಾರಿ. ಹಸಿಯದನ್ನೇ ನೇರವಾಗಿ ಕೆಂಡಕ್ಕೆ ಇಡುವುದಾದರೆ ಅಂಚಿನ ಸಣ್ಣ ಬಿಸಿಯಲ್ಲಿ ಶುರುಮಾಡಿ ಆಮೇಲೆ ನಡುವಿಗೆ ತರಬೇಕು.

ಅಲ್ಲಿ ನಿಂತವರು ಕಣ್ಣು ತೆಗೆಯುವಂತಿಲ್ಲ. ಒಂದನ್ನು ತಿರುಗಿಸುವಷ್ಟರಲ್ಲಿ ಇನ್ನೊಂದು ಬಣ್ಣ ಹತ್ತಿರುತ್ತದೆ. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದರೆ ಪಕ್ಕಕ್ಕೆ ಸರಿಸಬೇಕು. ಇಕ್ಕಳದಲ್ಲಿ ಮೆತ್ತಗೆ ಅದುಮಿದರೆ ಹಸಿಯದು ತಗ್ಗುತ್ತದೆ, ಬೆಂದದ್ದು ಪುಟಿದು ಮೇಲೆ ಬರುತ್ತದೆ. ಅದೇ ಒಲೆಯಲ್ಲಿ ಮೀನು, ಪಕ್ಕದ ಬಾಣಲೆಯಲ್ಲಿ ಪಾಸ್ತಾ, ಹಿಂದೆ ಸೂಪು ಇದ್ದವರಿಗೆ ಈ ಪುಟಿತ ಕಾಯಲು ಪುರುಸೊತ್ತು ಇರುವುದಿಲ್ಲ. ಸಾಸೇಜ್ ಮಾತ್ರ ಮಾಡುವವರು ಅದನ್ನು ಕಾದು, ಇಳಿಸಿ, ಐದು ನಿಮಿಷ ಪಕ್ಕಕ್ಕಿಟ್ಟು, ಆಮೇಲೆ ತಟ್ಟೆಗೆ ಹಾಕುತ್ತಾರೆ.